ಮತದ ಗುಟ್ಟು ಮೊಬೈಲಿನಲ್ಲಿ ಉಳಿದೀತೇ?

2025ರ ಜೂನ್ 28ರಂದು ಬಿಹಾರದ ಕೆಲವು ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತದಾರರು ಮತಗಟ್ಟೆಗೆ ಹೋಗದೆ ಮೊಬೈಲ್ ಫೋನಿನಲ್ಲೇ ಮತ ಚಲಾಯಿಸಿದರು. ವೃದ್ಧರು, ವಿಕಲಚೇತನರು, ಗರ್ಭಿಣಿಯರು ಹಾಗೂ ದುಡಿಮೆಗಾಗಿ ಊರು ಬಿಟ್ಟು ಹೋದವರನ್ನು ಮುಂದಿಟ್ಟುಕೊಂಡು ಅಲ್ಲಿನ ರಾಜ್ಯ ಚುನಾವಣಾ ಆಯೋಗವು ಈ ವ್ಯವಸ್ಥೆಯನ್ನು ರೂಪಿಸಿತ್ತು. ಇದು ಏಕಾಏಕಿ ಹುಟ್ಟಿಕೊಂಡ ಯೋಚನೆಯೇನೂ ಅಲ್ಲ. ಗುಜರಾತಿನಲ್ಲಿ 2010ರಲ್ಲೇ ನಗರ ಪಾಲಿಕೆಗಳ ಚುನಾವಣೆಗೆ ಆನ್‌ಲೈನ್ ಮತದಾನದ ಅವಕಾಶ ಒದಗಿಸಲಾಗಿತ್ತು. ನೆರೆಯ ತೆಲಂಗಾಣದ ಖಮ್ಮಂನಲ್ಲಿ 2021ರ ಅಕ್ಟೋಬರ್‌ನಲ್ಲಿ ಮೊಬೈಲ್ ಮತದಾನದ ಅಣಕು ಪ್ರಯೋಗವೂ ನಡೆದಿತ್ತು. ನಮ್ಮ ರಾಜ್ಯದಲ್ಲಿ ಮಾತ್ರ ಗಾಳಿ ವಿರುದ್ಧ ದಿಕ್ಕಿಗೆ ಬೀಸುತ್ತಿರುವಂತಿದೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಕಾಗದದ ಮತಪತ್ರದಲ್ಲೇ ನಡೆಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ಸಚಿವ ಸಂಪುಟವು 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಹಾಗಿದ್ದರೂ 'ಬ್ಯಾಂಕಿನ ಹಣವೇ ಬೆರಳ ತುದಿಯಲ್ಲಿ ಓಡಾಡುವಾಗ ಒಂದು ಮತ ಯಾಕೆ ಓಡಾಡಬಾರದು?' ಎಂಬ ಪ್ರಶ್ನೆ ನಮ್ಮ ಯುವಕರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 39 ವಾರ್ಡ್‌ಗಳ ಬಳ್ಳಾರಿ ಮಹಾನಗರ ಪಾಲಿಕೆಗೆ 2021ರ ಏಪ್ರಿಲ್ 27ರಂದು ಮತದಾನ ನಡೆದಾಗ ಕೋವಿಡ್‌ನ ಎರಡನೇ ಅಲೆ ನೆತ್ತಿಯ ಮೇಲಿತ್ತು. ಅದೇ ದಿನ ರಾತ್ರಿಯಿಂದ ರಾಜ್ಯವಿಡೀ ಹದಿನಾಲ್ಕು ದಿನಗಳ ಕರ್ಫ್ಯೂ ಜಾರಿಗೆ ಬಂತು. ಮುಖಗವಸು ಧರಿಸಿ ಸಾಲಿನಲ್ಲಿ ನಿಂತವರ ಎದೆಯಲ್ಲಿ ಭಯವಿದ್ದದ್ದು ಸಹಜ. ಸಿರುಗುಪ್ಪ ಮತ್ತು ಕುರುಗೋಡಿನ ಸುತ್ತಮುತ್ತಲಿನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿರುವ ಯುವಕನಿಗೆ ಒಂದು ಮತಕ್ಕಾಗಿ ಎರಡು ದಿನದ ಕೂಲಿ ಮತ್ತು ಬಸ್ಸಿನ ಖರ್ಚನ್ನು ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಹಾಸಿಗೆ ಹಿಡಿದ ತಾಯಿ, ಎಳೆಗೂಸಿನ ಬಾಣಂತಿ, ಗಾಲಿಕುರ್ಚಿಯಲ್ಲಿರುವ ತಂದೆ, ಇವರೆಲ್ಲರ ಮತವೂ ಉಳಿದವರ ಮತದಷ್ಟೇ ತೂಕದ್ದು. ಅವರಿಗೆ ಅನುಕೂಲ ಕಲ್ಪಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅನುಕೂಲದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಹಿಂದೆ ಸರಿಯುತ್ತದೆ. ಫೋನಿನಲ್ಲಿ ಒತ್ತಿದ ಮತ ಗುಟ್ಟಾಗಿ ಉಳಿಯುತ್ತದೆಯೇ? ಯಾರು ಮತ ಹಾಕಿದರು ಎಂಬುದು ಬಹಿರಂಗವಾಗಿರಬೇಕು, ಯಾರಿಗೆ ಹಾಕಿದರು ಎಂಬುದು ಎಂದೆಂದಿಗೂ ಮುಚ್ಚಿರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಚುನಾವಣೆಯ ಅತ್ಯಂತ ಕಷ್ಟದ ಕೆಲಸ. ಬ್ಯಾಂಕಿನ ಹೋಲಿಕೆ ಇಲ್ಲಿಯೇ ಮುರಿದು ಬೀಳುತ್ತದೆ. ಹಣ ಕಳುಹಿಸಿದಾಗ ಯಾರಿಂದ ಯಾರಿಗೆ ಎಷ್ಟು ಹೋಯಿತೆಂದು ಬ್ಯಾಂಕು ಬರೆದಿಟ್ಟುಕೊಳ್ಳುತ್ತದೆ. ತಪ್ಪಾದರೆ ಆ ಬರಹವನ್ನು ನೋಡಿಯೇ ಸರಿಪಡಿಸುತ್ತದೆ. ಮತದ ವಿಷಯದಲ್ಲಿ ಅಂತಹ ಬರಹ ಇರುವುದೇ ಅಪಾಯ. ಬರೆದಿಡದೆಯೂ ಎಣಿಕೆ ಸರಿಯಾಗಿದೆಯೆಂದು ತೋರಿಸಬೇಕು.

ಗುಪ್ತ ಮತದಾನವೆಂದರೆ ನಾಚಿಕೆಗಾಗಿ ಎಳೆದ ಪರದೆಯಲ್ಲ, ಅದು ದುರ್ಬಲನಿಗೆ ಕಾನೂನು ಕೊಟ್ಟ ರಕ್ಷಣೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ಪ್ರಾಂತಗಳಲ್ಲಿ 1856ರಲ್ಲಿ, ಬ್ರಿಟನ್ನಿನಲ್ಲಿ 1872ರಲ್ಲಿ ಇದು ಜಾರಿಗೆ ಬಂತು. ಅದಕ್ಕೂ ಮೊದಲು ಬ್ರಿಟನ್ನಿನ ಗೇಣಿದಾರನು ಜಮೀನ್ದಾರನ ಕಣ್ಣೆದುರೇ ಬಾಯಿಬಿಟ್ಟು ತನ್ನ ಆಯ್ಕೆಯನ್ನು ಹೇಳಬೇಕಿತ್ತು. ನಮ್ಮ ದೇಶವು 1951-52ರ ಮೊದಲ ಮಹಾಚುನಾವಣೆಯಲ್ಲೇ ಇದಕ್ಕೆ ತನ್ನದೇ ದಾರಿ ಕಂಡುಕೊಂಡಿತು. ಅಕ್ಷರ ಬಾರದ ಕೋಟ್ಯಂತರ ಮತದಾರರಿಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಒಂದೊಂದು ಪೆಟ್ಟಿಗೆಯನ್ನಿಟ್ಟು, ಪರದೆಯ ಹಿಂದೆ ಚೀಟಿ ಹಾಕಲು ಅವಕಾಶ ಮಾಡಿತು. ಬಡವನಿಗೂ ಅನಕ್ಷರಸ್ಥನಿಗೂ ಆ ಪರದೆಯ ಹಿಂದೆ ಒಂದು ಕ್ಷಣದ ಒಂಟಿತನ ದೊರೆಯಿತು. ಆ ಒಂದು ಕ್ಷಣದಲ್ಲಿ ಅವನು ಯಾರ ಆಳೂ ಅಲ್ಲ, ಯಾರ ಸಾಲಗಾರನೂ ಅಲ್ಲ.

ಕಾನೂನೂ ಈ ಮಾತನ್ನು ಗಟ್ಟಿಯಾಗಿ ಹೇಳಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಮಿನ ಪ್ರಕಾರ ತಾನು ಯಾರಿಗೆ ಮತ ಹಾಕಿದೆನೆಂದು ಹೇಳುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. ಮತದ ಗುಟ್ಟನ್ನು ಒಡೆಯುವ ಚುನಾವಣಾ ಸಿಬ್ಬಂದಿಗೆ 128ನೇ ಕಲಮು ಮೂರು ತಿಂಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಈ ಗುಟ್ಟು ಮತದಾರನ ಸ್ವಂತ ಹಕ್ಕು, ಬೇರೆಯವರು ಅದನ್ನು ಬಿಡಿಸುವಂತಿಲ್ಲವೆಂದು ಸುಪ್ರೀಮ್ ಕೋರ್ಟು 1980ರಲ್ಲೇ ಹೇಳಿತು. 2013ರಲ್ಲಿ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಯನ್ನು ಯಂತ್ರಕ್ಕೆ ಸೇರಿಸುವಂತೆ ಆದೇಶಿಸಿದಾಗಲೂ ಅದರ ತೀರ್ಪಿನ ತಿರುಳು ಇದೇ ಆಗಿತ್ತು. ಅಲ್ಲಿಯವರೆಗೆ ಯಾರಿಗೂ ಮತ ಹಾಕಲು ಇಷ್ಟವಿಲ್ಲದವನು ಅದನ್ನು ಅಧಿಕಾರಿಯ ಮುಂದೆ ಹೇಳಿ ದಾಖಲೆ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಅದರಿಂದ ಅವನ ಗುಟ್ಟು ಬಯಲಾಗುತ್ತಿತ್ತು.

ಇಲ್ಲಿ ಒಂದು ಸಂದೇಹ ಮೂಡಬಹುದು. ರಾಜ್ಯಸಭಾ ಚುನಾವಣೆಯಲ್ಲಿ ಶಾಸಕರು 2003ರಿಂದ ತಮ್ಮ ಪಕ್ಷದ ಪ್ರತಿನಿಧಿಗೆ ಮತಪತ್ರ ತೋರಿಸಿಯೇ ಮತ ಹಾಕುತ್ತಾರಲ್ಲವೇ? ಹೌದು, 2006ರಲ್ಲಿ ಸುಪ್ರೀಮ್ ಕೋರ್ಟು ಅದನ್ನು ಎತ್ತಿಹಿಡಿದಿದೆ. ಶಾಸಕನು ತನ್ನನ್ನು ಕಳುಹಿಸಿದ ಜನರಿಗೆ ಲೆಕ್ಕ ಒಪ್ಪಿಸಬೇಕಾದವನು. ಸಾಮಾನ್ಯ ಮತದಾರನು ಹಾಗಲ್ಲ, ಆತನು ತನ್ನ ಮನಸ್ಸಾಕ್ಷಿಯ ಹೊರತು ಈ ಲೋಕದಲ್ಲಿ ಬೇರಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮತವು ಅವನ ಕೈಗೆ ಒಪ್ಪಿಸಲಾದ ಅಮಾನತ್. ಅಮಾನತನ್ನು ಬೆದರಿಕೆಯ ನೆರಳಿನಲ್ಲಿ ನಿರ್ವಹಿಸಲು ಸಾಧ್ಯವಿಲ್ಲ.

ಗುಟ್ಟಿಗೆ ಎರಡು ಮುಖಗಳಿವೆ ಎಂಬುದನ್ನು ನಾವು ಗಮನಿಸಬೇಕು. ಬೇರೆಯವರು ನನ್ನ ಮತವನ್ನು ನೋಡಬಾರದು ಎಂಬುದು ಮೊದಲನೆಯದು. ನಾನೇ ಬಯಸಿದರೂ ನನ್ನ ಮತವನ್ನು ಇನ್ನೊಬ್ಬರಿಗೆ ಸಾಬೀತುಪಡಿಸಲು ಆಗಬಾರದು ಎಂಬುದು ಎರಡನೆಯದು. ಎರಡನೆಯದು ವಿಚಿತ್ರವಾಗಿ ಕಂಡೀತು. ಆದರೆ ಬಡವನನ್ನು ನಿಜವಾಗಿ ಕಾಪಾಡುವುದು ಅದುವೇ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವನನ್ನು ಕಲ್ಪಿಸಿಕೊಳ್ಳೋಣ. ಮಾಲಕನು ಮುಂಗಡ ಹಣ ಕೊಟ್ಟಿದ್ದಾನೆ, ಇಂಥವರಿಗೇ ಮತ ಹಾಕೆಂದೂ ಹೇಳಿದ್ದಾನೆ. ಮತಗಟ್ಟೆಯಿಂದ ಹೊರಬಂದ ಹಮಾಲನು 'ಆಯಿತು ಸಾವ್ಕಾರ್ರೇ, ಹಾಕಿದೆ' ಎಂದರೆ ಮಾತು ಅಲ್ಲಿಗೆ ಮುಗಿಯಿತು. ಪರೀಕ್ಷಿಸಲು ಮಾಲಕನ ಬಳಿ ದಾರಿಯಿಲ್ಲ. ಅದೇ ಹಮಾಲನು ತನ್ನ ಫೋನಿನಲ್ಲಿ ಮತ ಹಾಕುವುದಾದರೆ ಮಾಲಕನು ಹೇಳುವುದು ಒಂದೇ ಮಾತು: 'ಇಲ್ಲೇ ಕುಳಿತು ನನ್ನೆದುರೇ ಒತ್ತು.' ಹಣ ಹಂಚುವವರಿಗೂ ಅಷ್ಟೆ. ಇಂದು ಅವರು ಹಣ ಕೊಟ್ಟ ಮೇಲೂ ಮತ ಬೀಳುತ್ತದೆಂಬ ಭರವಸೆಯಿಲ್ಲದೆ ಆಣೆ ಪ್ರಮಾಣ ಮಾಡಿಸಿಕೊಳ್ಳುತ್ತಾರೆ. ಮನೆಯಲ್ಲಿ ಒತ್ತುವ ಮತಕ್ಕೆ ಆಣೆಯ ಅಗತ್ಯವೇ ಇಲ್ಲ, ಕಣ್ಣೆದುರೇ ಸರಕು ಕೈಸೇರುತ್ತದೆ. ಮತಗಟ್ಟೆಯೊಳಗೆ ಮೊಬೈಲನ್ನು ಒಯ್ಯಬಾರದೆಂಬ ನಿರ್ಬಂಧ ಇರುವುದೂ ಇದೇ ಕಾರಣಕ್ಕೆ. ಮತದ ಒಂದು ಚಿತ್ರ ಹೊರಬಂದರೆ ಅದು ರಸೀದಿಯಾಗುತ್ತದೆ, ರಸೀದಿ ಸಿಕ್ಕಿದರೆ ಮತವು ವ್ಯಾಪಾರದ ಸರಕಾಗುತ್ತದೆ.

ಮುಸ್ಲಿಮ್ ಸಮುದಾಯಕ್ಕೆ ಈ ವಿಷಯ ಇನ್ನೂ ಹತ್ತಿರದ್ದು. ಇಂದಿನ ಮತಗಟ್ಟೆ ವ್ಯವಸ್ಥೆಯೂ ನಮ್ಮ ಗುಟ್ಟನ್ನು ಪೂರ್ತಿಯಾಗಿ ಕಾಯುತ್ತಿಲ್ಲ. ವಿಧಾನಸಭೆ ಮತ್ತು ಲೋಕಸಭಾ ಚುನಾವಣೆಗಳ ಬಳಿಕ ಒಂದೊಂದು ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬ ಪಟ್ಟಿ ಬಹಿರಂಗವಾಗುತ್ತದೆ. ಬಳ್ಳಾರಿಯ ಕೌಲ್ ಬಜಾರಿನಂತಹ, ಒಂದೇ ಸಮುದಾಯದ ಮನೆಗಳು ಒತ್ತಾಗಿರುವ ಬೀದಿಗಳಲ್ಲಿ ಒಬ್ಬನ ಹೆಸರು ಗೊತ್ತಾಗದಿದ್ದರೂ ಇಡೀ ಮೊಹಲ್ಲಾದ ಒಲವು ಬಯಲಾಗುತ್ತದೆ. 2019ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಸುಲ್ತಾನ್‌ಪುರದಲ್ಲಿ ಆಗಿನ ಕೇಂದ್ರ ಸಚಿವೆ ಮೇನಕಾ ಗಾಂಧಿಯವರು ಮುಸ್ಲಿಮ್ ಮತದಾರರನ್ನು ಉದ್ದೇಶಿಸಿ, ನಿಮ್ಮ ಮತಗಟ್ಟೆಯ ಫಲಿತಾಂಶ ನೋಡಿದ ಮೇಲೆ ನೀವು ಕೆಲಸ ಕೇಳಿಕೊಂಡು ಬಂದರೆ ಏನಾದೀತೆಂಬ ಅರ್ಥದ ಮಾತನ್ನಾಡಿದ್ದರು. ಅದಕ್ಕಾಗಿ ಚುನಾವಣಾ ಆಯೋಗವು ಅವರನ್ನು 48 ಗಂಟೆಗಳ ಕಾಲ ಪ್ರಚಾರದಿಂದ ದೂರವಿಟ್ಟಿತು. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ 'ಟೋಟಲೈಸರ್' ಎಂಬ ಉಪಕರಣವನ್ನು ಬಳಸಬೇಕೆಂದು ಆಯೋಗವೇ 2008ರಲ್ಲಿ ಸೂಚಿಸಿತ್ತು. ಕಾನೂನು ಆಯೋಗವು 2015ರ ತನ್ನ 255ನೇ ವರದಿಯಲ್ಲಿ ಅದನ್ನು ಬೆಂಬಲಿಸಿತು. ಆದರೆ ಅದು ಇಂದಿಗೂ ಜಾರಿಗೆ ಬಂದಿಲ್ಲ. ಒಂದು ಬೀದಿಯ ಗುಟ್ಟನ್ನು ಕಾಯಲು ಇಷ್ಟು ಹಿಂಜರಿಯುವ ವ್ಯವಸ್ಥೆಯು ಒಂದೊಂದು ಫೋನಿನ ಗುಟ್ಟನ್ನು ಕಾಯುತ್ತದೆಂದು ಕಣ್ಣುಮುಚ್ಚಿ ನಂಬುವುದು ಹೇಗೆ?

ಹಾಗಾದರೆ ತಂತ್ರಜ್ಞಾನದಲ್ಲಿ ಇದಕ್ಕೆ ಪರಿಹಾರವೇ ಇಲ್ಲವೇ? ಪರಿಹಾರದ ಒಂದು ದಾರಿ ಇದೆ. ಅದು ನಮ್ಮ ಅಂಚೆ ಮತದಾನದಲ್ಲಿ ಹಿಂದಿನಿಂದಲೂ ಇದ್ದದ್ದೇ. ಅಂಚೆಯಲ್ಲಿ ಮತ ಹಾಕುವವರು ಮತಪತ್ರವನ್ನು ಒಂದು ಒಳ ಲಕೋಟೆಯಲ್ಲಿಟ್ಟು ಮುಚ್ಚುತ್ತಾರೆ. ತಮ್ಮ ಗುರುತಿನ ಘೋಷಣಾ ಪತ್ರವನ್ನು ಬೇರೆಯಾಗಿಟ್ಟು ಎರಡನ್ನೂ ಹೊರ ಲಕೋಟೆಯಲ್ಲಿ ಸೇರಿಸುತ್ತಾರೆ. ಎಣಿಕೆಯ ದಿನ ಗುರುತನ್ನು ಪರಿಶೀಲಿಸಿ ಬದಿಗಿಡುತ್ತಾರೆ, ಹೆಸರಿಲ್ಲದ ಒಳ ಲಕೋಟೆಗಳನ್ನು ಒಟ್ಟು ಮಾಡಿದ ಮೇಲೆ ತೆರೆಯುತ್ತಾರೆ. 2005ರಿಂದ ಇಂಟರ್‌ನೆಟ್ ಮತದಾನ ನಡೆಸುತ್ತಿರುವ ಯೂರೋಪಿನ ಪುಟ್ಟ ದೇಶ ಎಸ್ಟೋನಿಯಾವು ಇದನ್ನೇ ಕಂಪ್ಯೂಟರಿಗೆ ಅಳವಡಿಸಿದೆ. ಅಲ್ಲಿ ಮತವು ಗೂಢಲಿಪಿಯ ಒಳ ಲಕೋಟೆಯಲ್ಲಿರುತ್ತದೆ, ಹೆಸರು ಹೊರ ಲಕೋಟೆಯಲ್ಲಿರುತ್ತದೆ. ಹೆಸರನ್ನು ಕಳಚಿ ತೆಗೆದ ಮೇಲೆಯೇ ಬೀಗ ತೆರೆಯುತ್ತಾರೆ. ಆ ಬೀಗದ ಕೀಲಿಯನ್ನು ಒಬ್ಬರ ಕೈಗೆ ಕೊಡದೆ ಹಲವರಿಗೆ ಹಂಚಿರುತ್ತಾರೆ. ಯಾರಾದರೂ ಒತ್ತಾಯಿಸಿದರೆ ಮತದಾರನು ಆಮೇಲೆ ಮತ್ತೊಮ್ಮೆ ಮತ ಹಾಕಬಹುದು, ಕೊನೆಯದಷ್ಟೇ ಲೆಕ್ಕಕ್ಕೆ ಬರುತ್ತದೆ. 2023ರ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಇಂಟರ್‌ನೆಟ್ ಮೂಲಕವೇ ಬಂದವು.

ಆದರೆ ಎಲ್ಲ ದೇಶಗಳ ಅನುಭವವೂ ಹೀಗಿಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ 2010ರಲ್ಲಿ ಇಂಟರ್‌ನೆಟ್ ಮತದಾನದ ವ್ಯವಸ್ಥೆಯೊಂದನ್ನು ಸಾರ್ವಜನಿಕ ಪರೀಕ್ಷೆಗೆ ಇಟ್ಟರು. ಸಾಧ್ಯವಾದರೆ ಭೇದಿಸಿ ನೋಡಿ ಎಂಬ ಆಹ್ವಾನವಿತ್ತು. ಮಿಷಿಗನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಅವರ ವಿದ್ಯಾರ್ಥಿಗಳು 48 ಗಂಟೆಗಳೊಳಗೆ ಅದರೊಳಕ್ಕೆ ನುಗ್ಗಿದರು. ಅವರು ಮತಗಳನ್ನೆಲ್ಲ ಬದಲಾಯಿಸಿದ್ದಷ್ಟೇ ಅಲ್ಲ, ಬಹುತೇಕ ಎಲ್ಲರ ಗುಪ್ತ ಮತವನ್ನೂ ಬಯಲಿಗೆಳೆದರು. ಸುಮಾರು ಎರಡು ದಿನ ಅಧಿಕಾರಿಗಳ ಗಮನಕ್ಕೇ ಅದು ಬರಲಿಲ್ಲ. ನಿಜವಾದ ಚುನಾವಣೆಗೆ ಮೊದಲೇ ಇದು ತಿಳಿದದ್ದರಿಂದ ಆ ಯೋಜನೆಯನ್ನು ಕೈಬಿಡಲಾಯಿತು. ನಾರ್ವೆಯು 2011 ಮತ್ತು 2013ರಲ್ಲಿ ಪ್ರಯೋಗ ನಡೆಸಿ 2014ರಲ್ಲಿ ನಿಲ್ಲಿಸಿತು. ತಮ್ಮ ಮತ ಬಯಲಾದೀತೆಂಬ ಮತದಾರರ ಅಂಜಿಕೆಯೂ ಅದಕ್ಕೆ ಕಾರಣವಾಗಿತ್ತು. ಅಂಜಿಕೆ ನಿಜವೋ ಸುಳ್ಳೋ ಎಂಬುದು ಇಲ್ಲಿ ಎರಡನೆಯ ಮಾತು. ಯಾರೋ ನೋಡುತ್ತಿದ್ದಾರೆಂಬ ಸಂಶಯವೊಂದೇ ದುರ್ಬಲನ ಬೆರಳನ್ನು ಬಲಾಢ್ಯನ ಚಿಹ್ನೆಯ ಕಡೆಗೆ ತಳ್ಳಲು ಸಾಕು.

ಗೂಢಲಿಪಿಯ ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಅದು ಕೆಲಸ ಆರಂಭಿಸುವುದು ಮತ ಒತ್ತಿದ ನಂತರ. ಒತ್ತುವ ಗಳಿಗೆಯಲ್ಲಿ ಪಕ್ಕದಲ್ಲಿ ಯಾರು ನಿಂತಿದ್ದಾರೆಂಬುದು ಯಾವ ಬೀಗಕ್ಕೂ ಗೊತ್ತಾಗುವುದಿಲ್ಲ. ನಮ್ಮ ಮನೆಗಳ ಸ್ಥಿತಿಯನ್ನು ನಾವು ಪ್ರಾಮಾಣಿಕವಾಗಿ ನೋಡಿಕೊಳ್ಳೋಣ. ಎಷ್ಟು ಮನೆಗಳಲ್ಲಿ ತಾಯಿಗೆ ತನ್ನದೇ ಆದ ಫೋನಿದೆ? ಎಷ್ಟು ಕಡೆ ಸೊಸೆಯ ಬ್ಯಾಂಕ್ ಖಾತೆಗೆ ಜೋಡಿಸಿದ ಸಂಖ್ಯೆ ಗಂಡನದ್ದು, ಅತ್ತೆಯ ಪಡಿತರ ಚೀಟಿಗೆ ಕೊಟ್ಟ ಸಂಖ್ಯೆ ಮಗನದ್ದು? ಒಟಿಪಿ ಬಂದಾಗ ಅದನ್ನು ಓದಿ ಹೇಳುವವನು ಯಾರು? ಬಿಹಾರದ ವ್ಯವಸ್ಥೆಯಲ್ಲಿ ಒಂದೇ ಮೊಬೈಲ್ ಸಂಖ್ಯೆಯಿಂದ ಇಬ್ಬರು ಮತದಾರರಿಗೆ ಅವಕಾಶವಿತ್ತು. ಮನೆಗೊಂದೇ ಫೋನ್ ಇರುವ ಬಡವರಿಗೆ ಇದು ಅನಿವಾರ್ಯವೇ ಸರಿ. ಆದರೆ ಒಂದು ಫೋನು ಎರಡು ಮತಗಳನ್ನು ಹೊತ್ತಾಗ ಅವೆರಡೂ ಫೋನಿನ ಯಜಮಾನನ ಕೈಯಲ್ಲೇ ಇರುತ್ತವೆ ಎಂಬುದನ್ನು ಮರೆಯಬಾರದು. ಎಸ್ಟೋನಿಯಾದವರಂತೆ ಮತ್ತೊಮ್ಮೆ ಮತ ಹಾಕಲು ಅವಕಾಶ ಕೊಟ್ಟರೂ ಆ ಹೆಣ್ಣುಮಗಳು ಫೋನನ್ನು ಮತ್ತೊಮ್ಮೆ ಕೈಗೆ ತೆಗೆದುಕೊಳ್ಳುವುದು ಯಾವಾಗ?

ಮತಗಟ್ಟೆಯ ಹಿರಿಮೆ ಇರುವುದು ಇಲ್ಲಿಯೇ. ಪರದೆ ಧರಿಸಿದ ನಮ್ಮ ಹೆಣ್ಣುಮಕ್ಕಳು ಗಂಡನ ಜೊತೆಗೇ ಶಾಲೆಯ ಆವರಣಕ್ಕೆ ಬಂದರೂ ಹೆಂಗಸರ ಸಾಲು ಬೇರೆ, ಮತ ಹಾಕುವ ಮರೆಯೂ ಅವರೊಬ್ಬರದ್ದೇ. ಆ ರಟ್ಟಿನ ಮರೆಯ ಹಿಂದೆ ಅವರ ಹೆಗಲ ಮೇಲಿಂದ ಇಣುಕುವ ಹಕ್ಕು ತಂದೆಗೂ ಇಲ್ಲ, ಗಂಡನಿಗೂ ಇಲ್ಲ, ಊರಿನ ನಾಯಕನಿಗೂ ಇಲ್ಲ. ಅನೇಕ ಸ್ತ್ರೀಯರ ಬದುಕಿನಲ್ಲಿ ಯಾರ ಅನುಮತಿಯನ್ನೂ ಕೇಳದೆ ಕೈಗೊಳ್ಳುವ ಏಕೈಕ ತೀರ್ಮಾನ ಅದಾಗಿರಬಹುದು. ಅನುಕೂಲದ ಹೆಸರಿನಲ್ಲಿ ಮತಗಟ್ಟೆಯನ್ನು ಮನೆಯ ಪಡಸಾಲೆಗೆ ತಂದರೆ ಅವರಿಂದ ನಾವು ಕಸಿದುಕೊಳ್ಳುವುದು ಆ ಮರೆಯನ್ನು.

ಹಾಗೆಂದು ಅಶಕ್ತರನ್ನು ಅವರ ಪಾಡಿಗೆ ಬಿಡಬೇಕೆಂದು ನಾವು ಹೇಳುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ 80 ವರ್ಷ ದಾಟಿದವರಿಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ನೀಡಲಾಯಿತು. ಅಲ್ಲಿ ಮನೆಯವರ ಕೈಗೆ ಯಾವುದನ್ನೂ ಬಿಟ್ಟುಕೊಟ್ಟಿರಲಿಲ್ಲ. ಚುನಾವಣಾ ಸಿಬ್ಬಂದಿಯೇ ಮನೆಗೆ ಬಂದು, ಮರೆ ಕಟ್ಟಿ, ಕಾಗದದ ಮತಪತ್ರ ಕೊಟ್ಟು, ಮುಚ್ಚಿದ ಲಕೋಟೆಯನ್ನು ಪಡೆದು ಹೋದರು. ದೂರದೂರಿನ ಕಾರ್ಮಿಕರಿಗೆ ಮತದಾನದ ದಿನ ವೇತನಸಹಿತ ರಜೆ ನೀಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಅದನ್ನು ದಿನಗೂಲಿಯವನಿಗೂ ತಲುಪುವಂತೆ ಮಾಡಿದರೆ, ಹೆಚ್ಚುವರಿ ಬಸ್ಸು ಬಿಟ್ಟರೆ, ಅಂಚೆ ಮತದ ವ್ಯಾಪ್ತಿಯನ್ನು ಎಚ್ಚರಿಕೆಯಿಂದ ವಿಸ್ತರಿಸಿದರೆ ಬಹುಮಟ್ಟಿನ ತೊಂದರೆ ನೀಗುತ್ತದೆ. ಮತದಾರನ ಬಳಿಗೆ ಹೋಗುವಾಗ ಮರೆಯನ್ನೂ ಹೊತ್ತುಕೊಂಡು ಹೋಗಬೇಕೆಂಬುದೇ ಇದರ ಪಾಠ.

ಇಷ್ಟನ್ನು ಸರಕಾರಕ್ಕೆ ಹೇಳಿ ಸುಮ್ಮನಾದರೆ ನಾವು ಅರ್ಧ ಮಾತನ್ನಷ್ಟೇ ಹೇಳಿದಂತಾಗುತ್ತದೆ. ಆನ್‌ಲೈನ್ ಚುನಾವಣೆ ಈಗಾಗಲೇ ನಮ್ಮ ನಡುವೆ ಬಂದು ಕುಳಿತಿದೆ. ಕರ್ನಾಟಕದ ಯುವ ಕಾಂಗ್ರೆಸ್ ತನ್ನ ಪದಾಧಿಕಾರಿಗಳ ಚುನಾವಣೆಯನ್ನು 2021ರಲ್ಲೂ 2024ರಲ್ಲೂ ಮೊಬೈಲ್ ಆ್ಯಪ್ ಮೂಲಕ ನಡೆಸಿತು. ಕಂಪೆನಿಗಳ ಷೇರುದಾರರೂ ಕಂಪ್ಯೂಟರಿನಲ್ಲೇ ಮತ ಹಾಕುತ್ತಾರೆ. ನಮ್ಮ ಮಸೀದಿ ಕಮಿಟಿಗಳು, ಶಿಕ್ಷಣ ಸಂಸ್ಥೆಗಳು, ಯುವಕ ಸಂಘಗಳೂ ಈಗ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಯಾರು ಸದರ್ ಆಗಬೇಕು?' ಎಂದು ಕೇಳಿ ಬೆರಳೊತ್ತಿಸಿಕೊಳ್ಳುವ ಹಾದಿ ಹಿಡಿದಿವೆ. ಹೀಗೆ ಹಾಕಿದ ಮತ ಯಾರ್ಯಾರದ್ದೆಂದು ಆ ಗುಂಪಿನ ಎಲ್ಲರಿಗೂ ಸಾಮಾನ್ಯವಾಗಿ ಹೆಸರುಸಹಿತ ಕಾಣಿಸುತ್ತದೆ ಎಂಬುದರ ಕಡೆಗೆ ಎಷ್ಟು ಮಂದಿಯ ಗಮನ ಹೋಗಿದೆ?

ಕುರುಗೋಡಿನಂತಹ ಸಣ್ಣ ಪಟ್ಟಣದ ಒಂದು ಜಮಾತನ್ನು ಊಹಿಸಿಕೊಳ್ಳೋಣ. ನೂರಿಪ್ಪತ್ತು ಮನೆಗಳು. ಹಳೆಯ ಕಮಿಟಿಯ ಲೆಕ್ಕಪತ್ರದ ಬಗ್ಗೆ ಹಲವರಿಗೆ ಅಸಮಾಧಾನವಿದೆ. ಗುಂಪಿನಲ್ಲಿ ಮತಕ್ಕೆ ಹಾಕಲಾಗುತ್ತದೆ. ಮೊದಲ ಹತ್ತು ನಿಮಿಷಗಳಲ್ಲಿ ಊರಿನ ಸ್ಥಿತಿವಂತರ ಹೆಸರುಗಳು ಹಳೆಯ ಸದರ್ ಪರವಾಗಿ ಸಾಲುಗಟ್ಟುತ್ತವೆ. ಅವರ ಅಂಗಡಿಯಲ್ಲಿ ದುಡಿಯುವವನು, ಅವರ ಮನೆಯಲ್ಲಿ ಬಾಡಿಗೆಗಿರುವವನು, ಮಗಳ ನಿಕಾಹ್‌ಗೆ ಅವರಿಂದ ಸಾಲ ಪಡೆದವನು ಈಗ ಏನು ಮಾಡಿಯಾನು? ಒಂದೋ ಮೌನವಾಗುತ್ತಾನೆ, ಇಲ್ಲವೇ ಅವರ ಹೆಸರಿನ ಕೆಳಗೆ ತನ್ನ ಹೆಸರನ್ನೂ ಸೇರಿಸುತ್ತಾನೆ. ಮರುದಿನ 'ಸರ್ವಾನುಮತದ ಆಯ್ಕೆ' ಎಂದು ಮಸೀದಿಯಲ್ಲಿ ಘೋಷಿಸಲಾಗುತ್ತದೆ. ಇದು ಸಮಾಲೋಚನೆಯೇ, ಅಥವಾ ಹಂಗಿಗೆ ಹಾಕಿದ ಮುದ್ರೆಯೇ? ದೇಶದ ಚುನಾವಣೆಯಲ್ಲಿ ಮತದ ಗುಟ್ಟು ಬೇಕೆಂದು ಕೇಳುವ ನಮಗೆ ನಮ್ಮ ಮೊಹಲ್ಲಾದ ಬಡ ಸಹೋದರನ ಗುಟ್ಟು ಬೇಡವಾಯಿತೇಕೆ?

ಆದುದರಿಂದ ನಮ್ಮ ಸಂಸ್ಥೆಗಳು ಮೊದಲು ತಮ್ಮ ಅಂಗಳವನ್ನು ಗುಡಿಸಿಕೊಳ್ಳಲಿ. ಪದಾಧಿಕಾರಿಗಳ ಆಯ್ಕೆಗೆ ಚೀಟಿ ಮತ್ತು ಪೆಟ್ಟಿಗೆಗಿಂತ ಸುಲಭವಾದ, ಅಗ್ಗವಾದ, ಎಲ್ಲರಿಗೂ ಅರ್ಥವಾಗುವ ವಿಧಾನ ಬೇರೆಯಿಲ್ಲ. ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು, ಒಂದು ಮರೆ, ಮತ ಹಾಕಿದವರ ಹೆಸರಿಗೆ ಗುರುತು ಹಾಕಲು ಬೇರೆಯದೇ ಪಟ್ಟಿ, ಎಣಿಕೆಗೆ ಪಕ್ಕದ ಮೊಹಲ್ಲಾದ ಇಬ್ಬರು ನಿಷ್ಪಕ್ಷಪಾತಿ ಹಿರಿಯರು. ಸ್ತ್ರೀಯರಿಗೆ ಮತವಿರುವ ಸಂಸ್ಥೆಗಳಲ್ಲಿ ಅವರದೇ ಮೇಲುಸ್ತುವಾರಿಯಲ್ಲಿ ಪ್ರತ್ಯೇಕ ಪೆಟ್ಟಿಗೆ ಇರಲಿ, ಆದರೆ ಎಣಿಸುವಾಗ ಎಲ್ಲ ಚೀಟಿಗಳನ್ನೂ ಬೆರೆಸಲಿ. ಓಣಿವಾರು ಲೆಕ್ಕ ಪ್ರಕಟಿಸುವುದು ಬೇಡ. ಒಂದು ಓಣಿಯಿಂದ ಐವರು ಮಾತ್ರ ಮತ ಹಾಕಿ ಐದೂ ಒಬ್ಬರಿಗೇ ಬಿದ್ದರೆ ಆ ಐವರ ಗುಟ್ಟು ಅಲ್ಲಿಗೆ ಮುಗಿಯಿತು.

ಅನಿವಾರ್ಯವಾಗಿ ಆನ್‌ಲೈನಿನಲ್ಲೇ ನಡೆಸಬೇಕಾದರೆ ಕೆಲವು ಎಚ್ಚರಿಕೆಗಳು ಬೇಕು. ಹೆಸರು, ಫೋನ್ ಸಂಖ್ಯೆ, ಈಮೇಲ್‌ಗಳನ್ನು ಕೇಳುವ ಫಾರ್ಮ್‌ನಲ್ಲಿ ಮತವನ್ನು ಕೇಳಲೇಬಾರದು. ಗುರುತಿನ ಪರಿಶೀಲನೆ ಒಂದು ಕಡೆ, ಮತ ಇನ್ನೊಂದು ಕಡೆ ನಡೆಯಬೇಕು. ಮುಚ್ಚಿದ ಲಕೋಟೆಗಳಲ್ಲಿ ಬೇರೆ ಬೇರೆ ಸಂಕೇತ ಸಂಖ್ಯೆಗಳನ್ನಿಟ್ಟು, ಕಲಸಿ, ಸದಸ್ಯನೇ ಒಂದನ್ನು ಎತ್ತಿಕೊಳ್ಳುವಂತೆ ಮಾಡಿದರೆ ಯಾವ ಸಂಖ್ಯೆ ಯಾರಿಗೆ ಹೋಯಿತೆಂಬುದು ಯಾರಿಗೂ ತಿಳಿಯದು. ಚುನಾವಣೆ ನಡೆಸುವವನೇ ಅಭ್ಯರ್ಥಿಯ ಬಂಧುವಾಗಿರಬಾರದು. ಮತ ಬಂದ ಸಮಯವೂ ದಾಖಲಾಗುತ್ತದೆ ಎಂಬುದನ್ನು ಮರೆಯಬಾರದು. ಯಾರು ಯಾವ ಹೊತ್ತಿಗೆ ಫೋನ್ ಹಿಡಿದಿದ್ದರೆಂದು ಗೊತ್ತಿದ್ದರೆ ಅಷ್ಟರಿಂದಲೇ ಮತ ಪತ್ತೆಯಾಗಬಹುದು. ಫಲಿತಾಂಶದ ನಂತರ ತಕರಾರಿನ ಅವಧಿ ಮುಗಿದೊಡನೆ ಮತಗಳ ಮೂಲ ದಾಖಲೆಯನ್ನು ಅಳಿಸಬೇಕು. ಇಷ್ಟೆಲ್ಲ ಮಾಡಿದರೂ ಭುಜದ ಪಕ್ಕದಲ್ಲಿ ನಿಂತವನನ್ನು ಓಡಿಸಲಾಗದು. ಆದುದರಿಂದ ಮದ್ರಸ ಅಥವಾ ಶಾಲೆಯ ಒಂದು ಕೋಣೆಯಲ್ಲಿ, ಮರೆಯ ಹಿಂದೆ, ಸಂಸ್ಥೆಯದೇ ಒಂದು ಕಂಪ್ಯೂಟರಿನಲ್ಲಿ ಒಬ್ಬೊಬ್ಬರಾಗಿ ಮತ ಹಾಕುವುದು ಲೇಸು.

ರಾಜ್ಯ ಚುನಾವಣಾ ಆಯೋಗದ ಮುಂದೆಯೂ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಪಾಲಿಕೆ, ನಗರಸಭೆ, ಪುರಸಭೆಗಳ ಚುನಾವಣೆಯಲ್ಲಿ ಕೆಲವೇ ಹತ್ತು ಮತಗಳು ಫಲಿತಾಂಶವನ್ನು ತಿರುಗಿಸುತ್ತವೆ. ಗೆದ್ದವನೂ ಸೋತವನೂ ನಮ್ಮ ಬೀದಿಯವರೇ ಆಗಿರುತ್ತಾರೆ. ನಳ, ಚರಂಡಿ, ಮನೆಯ ಖಾತೆಗಾಗಿ ನಾಳೆ ಅವರ ಬಾಗಿಲಿಗೇ ಹೋಗಬೇಕು. ಆದುದರಿಂದ ಲೋಕಸಭಾ ಚುನಾವಣೆಗಿಂತಲೂ ವಾರ್ಡಿನ ಚುನಾವಣೆಯಲ್ಲಿ ಗುಟ್ಟಿನ ಅಗತ್ಯ ಹೆಚ್ಚು. ಮೊಬೈಲ್ ಮತದಾನದ ಪ್ರಸ್ತಾಪ ಇಲ್ಲಿಗೂ ಬಂದರೆ, ಅದರ ಒಳಗುಟ್ಟು ತಜ್ಞರೆಲ್ಲರ ಪರೀಕ್ಷೆಗೆ ತೆರೆದಿರಬೇಕು. ಭೇದಿಸಿ ತೋರಿಸುವವರಿಗೆ ವಾಷಿಂಗ್ಟನ್ನಿನಂತೆ ಬಹಿರಂಗ ಆಹ್ವಾನ ನೀಡಬೇಕು. ಮತ ಮತ್ತು ಹೆಸರು ಎಲ್ಲಿ, ಯಾರೆದುರು ಬೇರ್ಪಡುತ್ತವೆಂಬುದನ್ನು ಸಾಮಾನ್ಯನಿಗೆ ಅರ್ಥವಾಗುವ ಕನ್ನಡದಲ್ಲಿ ವಿವರಿಸಬೇಕು. ಒತ್ತಾಯಕ್ಕೊಳಗಾದವರಿಗೆ ಮತಗಟ್ಟೆಗೆ ಬಂದು ತಮ್ಮ ಆನ್‌ಲೈನ್ ಮತವನ್ನು ರದ್ದುಗೊಳಿಸುವ ಹಕ್ಕಿರಬೇಕು. ಇವೆಲ್ಲ ಇಲ್ಲದೆ ಬರುವ ಅನುಕೂಲ ನಮಗೆ ಬೇಕಾಗಿಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಯ ಹೆಸರಿನಲ್ಲಿ ಖಾಸಗಿ ಸಂಸ್ಥೆಯೊಂದು ಮನೆ ಮನೆಗೆ ಹೋಗಿ ಮತದಾರರ ವೈಯಕ್ತಿಕ ವಿವರಗಳನ್ನು ಸಂಗ್ರಹಿಸಿತೆಂಬ ಆರೋಪ ರಾಜ್ಯವನ್ನೇ ಅಲುಗಿಸಿತ್ತು. ವಿವರಗಳಿಗೇ ಇಷ್ಟು ಬೆಲೆ ಇರುವಾಗ, ವಿವರದ ಜೊತೆಗೆ ಮತವೂ ಸಿಗುವಂತಿದ್ದರೆ ಅದರ ಬೆಲೆ ಎಷ್ಟಾದೀತೆಂದು ಯೋಚಿಸಬೇಕಾಗಿದೆ.

ಕೊನೆಯದಾಗಿ ಮನೆಯ ಯಜಮಾನರಲ್ಲಿ ಒಂದು ವಿನಂತಿ. ಮುಂದಿನ ಚುನಾವಣೆಯ ದಿನ ಬಳ್ಳಾರಿಯಲ್ಲಾಗಲಿ, ಸಿರುಗುಪ್ಪದಲ್ಲಾಗಲಿ, ಕುರುಗೋಡಿನಲ್ಲಾಗಲಿ, ಮತ ಹಾಕಿ ಮನೆಗೆ ಮರಳಿದ ಹೆಂಡತಿಯನ್ನು, ಮಗಳನ್ನು, ಸೊಸೆಯನ್ನು 'ಯಾರಿಗೆ ಹಾಕಿದೆ?' ಎಂದು ಕೇಳದಿರೋಣ. ಅಭ್ಯರ್ಥಿಗಳ ಗುಣ ದೋಷಗಳನ್ನು ಹಿಂದಿನ ದಿನವೇ ಮನೆಮಂದಿಯೆಲ್ಲ ಕುಳಿತು ಧಾರಾಳವಾಗಿ ಚರ್ಚಿಸೋಣ, ಅವರ ಮಾತನ್ನೂ ಕೇಳೋಣ. ಆದರೆ ಬೆರಳಿಗೆ ಶಾಯಿ ಬಿದ್ದ ಮೇಲೆ ಆ ಪ್ರಶ್ನೆ ಬೇಡ. ಕಾನೂನು ನ್ಯಾಯಾಲಯಕ್ಕೂ ಕೊಡದ ಅಧಿಕಾರವನ್ನು ನಾವು ಮನೆಯಲ್ಲಿ ಚಲಾಯಿಸುವುದು ತರವಲ್ಲ. ಮನೆಯೊಳಗೆ ಈ ಗುಟ್ಟಿಗೆ ಗೌರವ ಸಿಗದಿದ್ದರೆ ಯಾವ ಯಂತ್ರವೂ, ಯಾವ ಆ್ಯಪ್ ಕೂಡಾ ಅದನ್ನು ಕಾಪಾಡಲಾರದು.